ಬಿದ್ದದ್ದು ಸೆಡ್, ಬೀಳಿಸಿದ್ದು ಬೇರೆ

ವೆಬ್ ಪೇಜ್‌ಗಳನ್ನು ಒದಗಿಸುವ ಸರ್ವರ್ ಪ್ರೋಗ್ರಾಂ ಅಪಾಚೆ ಏಳದೆ ಇರುವುದು ಹೊಸದೇನಲ್ಲ. ಕಾನ್ಫಿಗ್ ಫೈಲಿನಲ್ಲಿ ಒಂದು ಅಕ್ಷರ ತಪ್ಪಿದರೂ ಅದು ಏಳುವುದಿಲ್ಲ, ಯಾವ ಸಾಲಿನಲ್ಲಿ ತಪ್ಪು ಅಂತ ಅದೇ ಹೇಳುತ್ತದೆ, ಸರಿ ಮಾಡಿದರೆ ಮುಗಿಯಿತು. ನಾನು ಇಲ್ಲಿ ಬರೆಯುತ್ತಿರುವುದು ಬೇರೆ ತರಹದ ತೊಂದರೆ. ಅಪಾಚೆ ಸ್ಟಾರ್ಟ್ ಮಾಡಿದರೆ ಕ್ರ್ಯಾಶ್ ಆಗುತ್ತಿದ್ದದ್ದು ಅಪಾಚೆ ಅಲ್ಲ, ಸೆಡ್. ಹೌದು, ಫೈಲಿನಲ್ಲಿ ಒಂದು ಪದ ಹುಡುಕಿ ಇನ್ನೊಂದು ಹಾಕುವ ಆ ಪುಟ್ಟ ಸೆಡ್. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಲೀ ಮೆಕ್‌ಮಹಾನ್ ಬರೆದದ್ದು, ಅಲ್ಲಿಂದ ಇಲ್ಲಿಯವರೆಗೆ ಯುನಿಕ್ಸ್ ಇರುವ ಕಡೆಯಲ್ಲೆಲ್ಲ ಇದೆ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿದರೆ ಏನೂ ತೊಂದರೆ ಇಲ್ಲ. ಅಪಾಚೆ ಸ್ಟಾರ್ಟ್ ಮಾಡಿದ ತಕ್ಷಣ ಮಾತ್ರ ‘ಸೆಗ್ಮೆಂಟೇಶನ್ ಫಾಲ್ಟ್’ ಅಂತ ಬರೆದು ಸಾಯುತ್ತಿತ್ತು. ಮುಟ್ಟಬಾರದ ಮೆಮೊರಿ ಮುಟ್ಟಿದ ಪ್ರೋಗ್ರಾಂ ಹೀಗೆ ಸಾಯುತ್ತದೆ.

ಕಾರಣ ಸಿಕ್ಕಿತು. ಅದನ್ನು ವಿವರವಾಗಿ ಬರೆದಿಡುತ್ತೇನೆ, ಏಕೆಂದರೆ ಇಂಥದ್ದು ಬಂದಾಗ ಬಹಳ ಜನ ತಪ್ಪು ಕಡೆ ಅಗೆಯಲು ಶುರು ಮಾಡುತ್ತಾರೆ.

ಸರ್ವರ್ ಇರುವುದು ಡೊಂಬಿವಲಿಯಲ್ಲಿ, ನಮ್ಮ ಕನ್ನಡ ಸಂಘದ ಲೈಬ್ರರಿಯಲ್ಲಿ. ಸರ್ವರ್ ಅಂದರೆ ದೊಡ್ಡದೇನಲ್ಲ, ಯಾರೋ ಸದಸ್ಯರು ಕೊಟ್ಟ ಹಳೆಯ ಡೆಸ್ಕ್‌ಟಾಪ್. ಅದರಲ್ಲಿ ಪುಸ್ತಕಗಳ ಪಟ್ಟಿ ಇದೆ, ಯಾರು ಯಾವುದು ತೆಗೆದುಕೊಂಡು ಹೋದರು ಎಂಬ ಲೆಕ್ಕ ಇದೆ, ಸ್ಕ್ಯಾನ್ ಮಾಡಿದ ಒಂದಷ್ಟು ಹಳೆಯ ಪತ್ರಿಕೆಗಳಿವೆ. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕಲಿಯುತ್ತಿದ್ದ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳಿದ್ದವು, ಅಲ್ವಾ? ಅಂಥ ಶಾಲೆಯ ಸೀಲು ಇರುವ ಪುಸ್ತಕಗಳೂ ನಮ್ಮ ಕಪಾಟಿನಲ್ಲಿವೆ. ಊರಿಗೆ ವಾಪಸ್ ಹೋಗುವ ಕುಟುಂಬಗಳು ಮನೆ ಖಾಲಿ ಮಾಡುವಾಗ ಕೊಟ್ಟು ಹೋದ ಪೆಟ್ಟಿಗೆಗಳೂ ಇವೆ. ಈ ಪಟ್ಟಿ ಸತ್ತರೆ ಯಾವ ಪುಸ್ತಕ ಎಲ್ಲಿದೆ ಅಂತ ಹೇಳಲು ಶೆಟ್ಟರ ನೆನಪೊಂದೇ ಗತಿ. ಶೆಟ್ಟರು ಲೈಬ್ರರಿ ನೋಡಿಕೊಳ್ಳುವವರು, ಎಪ್ಪತ್ತು ದಾಟಿದೆ. ಆದ್ದರಿಂದ ಇದು ನನಗೆ ಸುಮ್ನೆ ಒಂದು ಟೆಕ್ನಿಕಲ್ ಸಮಸ್ಯೆ ಆಗಿರಲಿಲ್ಲ.

ಫೋನ್ ಮಾಡಿದ್ದೂ ಅವರೇ. “ಆ ಪೇಜ್ ಬರ್ತಾ ಇಲ್ಲ ಮಾರಾಯ್ರೆ. ನಾಡಿದ್ದು ಆದಿತ್ಯವಾರ, ಜನ ಬರ್ತಾರೆ. ಎಂತ ಮಾಡುವುದು?”

ಅದಕ್ಕೆ ಮುಂಚೆ ನಡೆದದ್ದು ಒಂದೇ ಒಂದು ಬದಲಾವಣೆ. ಮೆಶಿನ್‌ನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು, ಅದರ 20.04 ಆವೃತ್ತಿ ಇತ್ತು. ಅದರ ಸಾಮಾನ್ಯ ಸಪೋರ್ಟ್ 2025ರಲ್ಲಿ ಮುಗಿಯಿತು, ಅಂದರೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತಿತು. ಇಂಟರ್ನೆಟ್‌ಗೆ ತೆರೆದಿರುವ ಮೆಶಿನ್ ಅನ್ನು ಹಾಗೆ ಬಿಡಬಾರದು ಅಂತ ಕಮಿಟಿಯ ಒಬ್ಬ ಹುಡುಗ 22.04ಕ್ಕೆ ಅಪ್‌ಗ್ರೇಡ್ ಮಾಡಿದ್ದ. ಸರಿಯಾದ ಕೆಲಸವೇ. ಅಪ್‌ಗ್ರೇಡ್ ಏನೂ ತಕರಾರಿಲ್ಲದೆ ಮುಗಿದಿತ್ತು. ರೀಬೂಟ್ ಆದ ಮೇಲೆ ಅಪಾಚೆ ಏಳಲಿಲ್ಲ.

ಮೊದಲು ನೋಡಿದ್ದು, ಮೆಶಿನ್‌ನ ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಏನು ಹೇಳುತ್ತದೆ ಅಂತ. ಸರ್ವಿಸ್‌ನ ಸ್ಟೇಟಸ್‌ನಲ್ಲಿ ‘ಎಕ್ಸಿಟೆಡ್, ಸ್ಟೇಟಸ್ 139’ ಅಂತ ಇತ್ತು. ಈ 139 ಎಂಬ ನಂಬರ್ ಗೊತ್ತಿರಬೇಕು. ಒಂದು ಪ್ರೋಗ್ರಾಂ ಸಿಗ್ನಲ್‌ನಿಂದ, ಅಂದರೆ ಸಿಸ್ಟಮ್ ಕಳಿಸುವ ಸೂಚನೆಯಿಂದ ಸತ್ತರೆ, ನಾವು ಕೊಟ್ಟ ಕಮಾಂಡ್‌ಗಳನ್ನು ಓಡಿಸುವ ಶೆಲ್ ಆ ಸಿಗ್ನಲ್ ನಂಬರಿಗೆ 128 ಸೇರಿಸಿ ಹೇಳುತ್ತದೆ. 139ರಲ್ಲಿ 128 ಕಳೆದರೆ 11. ಅದು ಸೆಗ್ಮೆಂಟೇಶನ್ ಫಾಲ್ಟ್‌ನ ಸಿಗ್ನಲ್. ಇದರಲ್ಲಿ ಇನ್ನೂ ಒಂದು ಸುಳಿವು ಅಡಗಿದೆ. ಸಿಸ್ಟಮ್‌ಡಿ ನೇರವಾಗಿ ಓಡಿಸಿದ ಪ್ರೋಗ್ರಾಂ ತಾನೇ ಹಾಗೆ ಸತ್ತಿದ್ದರೆ ಅಲ್ಲಿ ‘ಸಿಗ್ನಲ್’ ಅಂತ ಕಾಣಿಸುತ್ತಿತ್ತು, ‘ಎಕ್ಸಿಟೆಡ್ 139’ ಅಂತ ಅಲ್ಲ. ಎಕ್ಸಿಟೆಡ್ ಅಂತ ಇದೆ ಅಂದರೆ ನಡುವೆ ಒಂದು ಶೆಲ್ ಸ್ಕ್ರಿಪ್ಟ್ ಇದೆ, ಅದರ ಮಕ್ಕಳಲ್ಲಿ ಒಬ್ಬ ಸತ್ತಿದ್ದಾನೆ, ಸ್ಕ್ರಿಪ್ಟ್ ಆ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸಿ ಹೊರಗೆ ಬಂದಿದೆ. ಅಪಾಚೆಯನ್ನು ಎಬ್ಬಿಸುವ ಅಪಾಚೆ‌ಸಿಟಿಎಲ್ ಅಂಥ ಸ್ಕ್ರಿಪ್ಟೇ. ಬಹಳ ಜನ ಅದನ್ನು ದೊಡ್ಡ ಪ್ರೋಗ್ರಾಂ ಅಂದುಕೊಂಡಿರುತ್ತಾರೆ, ಒಮ್ಮೆ ಎಡಿಟರ್‌ನಲ್ಲಿ ತೆರೆದು ನೋಡಿ, ಓದಲು ಸುಲಭವಾಗಿದೆ.

ನಾನು ಡೊಂಬಿವಲಿಗೆ ತಲುಪುವ ಹೊತ್ತಿಗೆ ಅಲ್ಲಿ ಆಗಲೇ ಚಿಕಿತ್ಸೆ ನಡೆದಿತ್ತು. ಸೆಡ್ ಕೆಟ್ಟಿದೆ ಅಂತ ಸೆಡ್ ಪ್ಯಾಕೇಜನ್ನೇ ತೆಗೆದು ಮತ್ತೆ ಹಾಕಿದ್ದರು. ಅದು ಫಲ ಕೊಡಲಿಲ್ಲ. ಆಮೇಲೆ ಇನ್ನೊಬ್ಬರು ರ‍್ಯಾಮ್ ಹೋಗಿದೆ, ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹಳೆಯ ಡಿಡಿಆರ್3 ಹುಡುಕಿ ತರುವುದು ಅಂತ ನಿರ್ಧಾರ ಮಾಡಿದ್ದರು. ಎರಡಕ್ಕೂ ನನ್ನ ಒಪ್ಪಿಗೆ ಇರಲಿಲ್ಲ. ಪ್ಯಾಕೇಜಿನ ಫೈಲುಗಳು ಕೆಟ್ಟಿವೆಯೇ ಅಂತ ತಿಳಿಯಲು ತೆಗೆದು ಹಾಕಬೇಕಾಗಿಲ್ಲ. ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವ ಡಿಪಿಕೆಜಿಗೆ ದೊಡ್ಡ ‘ವಿ’ ಆಯ್ಕೆ ಕೊಟ್ಟು ಪ್ಯಾಕೇಜಿನ ಹೆಸರು ಹೇಳಿದರೆ ಅದು ಪ್ರತಿ ಫೈಲಿನ ಚೆಕ್‌ಸಮ್ ತಾಳೆ ನೋಡಿ ಹೇಳುತ್ತದೆ, ಏನೂ ಹೇಳದಿದ್ದರೆ ಎಲ್ಲ ಸರಿ ಅಂತ ಅರ್ಥ. ರ‍್ಯಾಮ್ ವಿಷಯದಲ್ಲಂತೂ ಒಂದು ಗುರುತು ಇದೆ. ರ‍್ಯಾಮ್ ಹಾಳಾದರೆ ಕ್ರ್ಯಾಶ್ ಅಲೆದಾಡುತ್ತದೆ. ಈಗ ಒಂದು ಪ್ರೋಗ್ರಾಂ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು, ಮಧ್ಯದಲ್ಲಿ ಅದೇ ಕೆಲಸ ಸರಿಯಾಗಿ ಆಗಿಯೂ ಬಿಡುತ್ತದೆ. ನಮ್ಮದು ಹಾಗಲ್ಲ. ಪ್ರತಿ ಸಲ ಅದೇ ಸಾಲು, ಅದೇ ಸೆಡ್, ಒಂದು ಸಲವೂ ತಪ್ಪಿಸಿಕೊಳ್ಳಲಿಲ್ಲ. ಇಷ್ಟು ನಿಯತ್ತಾಗಿ ಒಂದೇ ಜಾಗದಲ್ಲಿ ಬೀಳುವುದು ಹಾರ್ಡ್‌ವೇರ್‌ನ ಸ್ವಭಾವ ಅಲ್ಲ.

ಹಾಗಾದರೆ ಕೈಯಾರೆ ಓಡಿಸಿದಾಗ ಸರಿ ಇರುವ ಸೆಡ್, ಸ್ಕ್ರಿಪ್ಟ್ ಓಡಿಸಿದಾಗ ಯಾಕೆ ಸಾಯುತ್ತದೆ? ಪ್ರೋಗ್ರಾಂ ಅದೇ, ಡಿಸ್ಕಿನ ಮೇಲಿನ ಫೈಲ್ ಅದೇ. ವ್ಯತ್ಯಾಸ ಇರಬಹುದಾದದ್ದು ಅದು ಹುಟ್ಟುವ ಪರಿಸರದಲ್ಲಿ ಮಾತ್ರ. ಯುನಿಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಂಗೂ ಅದನ್ನು ಹುಟ್ಟಿಸಿದ ಪ್ರೋಗ್ರಾಂನಿಂದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ, ಅಂದರೆ ಹೆಸರಿಟ್ಟ ಸೆಟ್ಟಿಂಗ್‌ಗಳ, ಒಂದು ಕಟ್ಟು ಬರುತ್ತದೆ. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಿಂದಲೂ ಇದು ಹೀಗೆಯೇ. ಟರ್ಮಿನಲ್‌ನಲ್ಲಿ ನನ್ನ ಕಟ್ಟು ಬೇರೆ, ಸ್ಕ್ರಿಪ್ಟ್ ಕೊಡುವ ಕಟ್ಟು ಬೇರೆ. ನೋಡಬೇಕಾದದ್ದು ಅಲ್ಲಿ.

ಶೆಲ್‌ಗೆ ‘ಮೈನಸ್ ಎಕ್ಸ್’ ಕೊಟ್ಟು ಸ್ಕ್ರಿಪ್ಟ್ ಓಡಿಸಿದೆ. ಹಾಗೆ ಮಾಡಿದರೆ ಪ್ರತಿ ಸಾಲನ್ನೂ ಓಡಿಸುವ ಮೊದಲು ಅದು ತೆರೆಯ ಮೇಲೆ ಬರೆಯುತ್ತದೆ. ಒಂದಷ್ಟು ಸಾಲು ಬಂತು. ಆಮೇಲೆ ಎನ್ವ್‌ವಾರ್ಸ್ ಎಂಬ ಫೈಲನ್ನು ಓದಿಕೊಂಡಿತು. ಅದಾದ ಮೇಲೆ ಸೆಡ್ ಸಾಲು, ಸೆಟ್ಟಿಂಗ್ ಫೈಲಿನಿಂದ ಪೋರ್ಟ್ ನಂಬರ್ ತೆಗೆದು ಕಾನ್ಫಿಗ್‌ಗೆ ಹಾಕುವುದು. ಅಲ್ಲೇ ಫಾಲ್ಟ್.

ನಮ್ಮ ಅಪಾಚೆ ಉಬುಂಟುವಿನ ಜೊತೆ ಬರುವುದಲ್ಲ. ಪುಣೆಯಲ್ಲಿರುವ ನಮ್ಮ ಸದಸ್ಯರ ಮಗ ಕೆಲವು ವರ್ಷದ ಹಿಂದೆ ಸೋರ್ಸ್‌ನಿಂದ, ಅಂದರೆ ಮೂಲ ಕೋಡಿನಿಂದ ಕಂಪೈಲ್ ಮಾಡಿ, ವೆಬ್ ಪೇಜ್ ಬರೆಯುವ ಭಾಷೆ ಪಿಎಚ್‌ಪಿಯನ್ನೂ ಸೇರಿಸಿ, ಆಪ್ಟ್ ಫೋಲ್ಡರಿನ ಒಳಗೆ ಒಂದೇ ಡಬ್ಬಿಯ ಹಾಗೆ ಇಟ್ಟು ಕೊಟ್ಟಿದ್ದ. ಈ ಎನ್ವ್‌ವಾರ್ಸ್ ಅದರೊಳಗಿನ ಫೈಲ್. ಸೋರ್ಸ್‌ನಿಂದ ಅಪಾಚೆ ಕಟ್ಟಿದಾಗ ಅಂಥ ಫೈಲ್ ತಾನಾಗಿಯೇ ಬರುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಒಂದೇ ವಿಷಯ: ಎಲ್‌ಡಿ_ಲೈಬ್ರರಿ_ಪಾತ್ ಎಂಬ ವೇರಿಯಬಲ್‌ಗೆ ತನ್ನ ಲೈಬ್ರರಿ ಫೋಲ್ಡರನ್ನು ಮುಂದೆ ಸೇರಿಸಿ ಎಕ್ಸ್‌ಪೋರ್ಟ್ ಮಾಡು, ಅಂದರೆ ಮುಂದೆ ಹುಟ್ಟುವ ಪ್ರೋಗ್ರಾಂಗಳಿಗೂ ಕೊಡು. ಇಲ್ಲಿ ಲೈಬ್ರರಿ ಅಂದರೆ ಪುಸ್ತಕದ್ದಲ್ಲ, ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡು; ಅದನ್ನು ಎಲ್ಲಿ ಹುಡುಕಬೇಕು ಅಂತ ಈ ವೇರಿಯಬಲ್ ಹೇಳುತ್ತದೆ.

ಅನುಮಾನ ಗಟ್ಟಿ ಮಾಡಿಕೊಳ್ಳಲು ಹೊಸ ಟರ್ಮಿನಲ್ ತೆರೆದು ಆ ಫೈಲನ್ನು ಕೈಯಾರೆ ಸೋರ್ಸ್ ಮಾಡಿದೆ, ಅಂದರೆ ಅದರಲ್ಲಿರುವ ಸಾಲುಗಳನ್ನು ಆ ಟರ್ಮಿನಲ್‌ನಲ್ಲೇ ಓಡಿಸಿದೆ. ಆಮೇಲೆ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಅಂದೆ, ಫಾಲ್ಟ್. ಕ್ಯಾಟ್, ಫಾಲ್ಟ್. ಗ್ರೆಪ್, ಫಾಲ್ಟ್. ಡೇಟ್ ಸಹ ಬಿತ್ತು. ಸಿಡಿ ನಡೆಯಿತು, ಎಕೊ ನಡೆಯಿತು, ಪಿಡಬ್ಲ್ಯುಡಿ ನಡೆಯಿತು.

ಇದು ತುಂಬಾ ದೊಡ್ಡ ಸುಳಿವು. ಸಿಡಿ, ಎಕೊ, ಪಿಡಬ್ಲ್ಯುಡಿ ಇವೆಲ್ಲ ಬ್ಯಾಶ್‌ನ, ಅಂದರೆ ಟರ್ಮಿನಲ್‌ನಲ್ಲಿ ಓಡುವ ಶೆಲ್‌ನ, ಒಳಗೇ ಇರುವ ಕಮಾಂಡ್‌ಗಳು. ಅವಕ್ಕಾಗಿ ಹೊಸ ಪ್ರೋಗ್ರಾಂ ಹುಟ್ಟುವುದಿಲ್ಲ, ಆಗಲೇ ಓಡುತ್ತಿರುವ ಬ್ಯಾಶ್ ತಾನೇ ಆ ಕೆಲಸ ಮಾಡುತ್ತದೆ. ಎಲ್‌ಎಸ್, ಕ್ಯಾಟ್, ಸೆಡ್ ಹೊರಗಿನ ಪ್ರೋಗ್ರಾಂಗಳು, ಹೊಸದಾಗಿ ಹುಟ್ಟಬೇಕು. ಅಂದರೆ ಹುಟ್ಟುವುದಕ್ಕೇ ತೊಂದರೆ, ಕೆಲಸ ಮಾಡುವುದಕ್ಕಲ್ಲ. ಸೆಡ್‌ನ ತಪ್ಪು ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಸ್ಕ್ರಿಪ್ಟ್‌ನಲ್ಲಿ ಎನ್ವ್‌ವಾರ್ಸ್ ಆದ ಮೇಲೆ ಸಾಲಿನಲ್ಲಿ ಮೊದಲು ನಿಂತ ಹೊರಗಿನ ಪ್ರೋಗ್ರಾಂ ಸೆಡ್ ಆಗಿತ್ತು, ಅಷ್ಟೆ. ಅಲ್ಲಿ ಗ್ರೆಪ್ ಇದ್ದಿದ್ದರೆ ನಾವೆಲ್ಲ ಗ್ರೆಪ್ ಕೆಟ್ಟಿದೆ ಅಂತ ಕೂತಿರುತ್ತಿದ್ದೆವು.

ಪಕ್ಕದಲ್ಲಿ ಕೂತಿದ್ದ ಕಮಿಟಿಯ ಹುಡುಗ “ಅಣ್ಣಾ, ಸುಡೊ ಹಾಕಿ ನೋಡಿ” ಅಂದ. ಸುಡೊ ಎಲ್‌ಎಸ್ ಅಂದರೆ ಪಟ್ಟಿ ಚೆನ್ನಾಗಿ ಬಂತು! “ನೋಡಿ, ಪರ್ಮಿಷನ್ ಪ್ರಾಬ್ಲಮ್ಮು” ಅಂತ ಅವನಿಗೆ ಖುಷಿ. ಹಾಗೆ ಅನ್ನಿಸುವುದು ಸಹಜ, ಆದರೆ ಕಾರಣ ಅದಲ್ಲ. ಸುಡೊ ಎಂಬುದು ಸೆಟ್‌ಯುಐಡಿ ಪ್ರೋಗ್ರಾಂ, ಯಾರು ಓಡಿಸಿದರೂ ರೂಟ್, ಅಂದರೆ ಮೆಶಿನ್‌ನ ಒಡೆಯನ ಅಧಿಕಾರದಲ್ಲಿ ಓಡುತ್ತದೆ. ಅಂಥ ಪ್ರೋಗ್ರಾಂಗೆ ಯಾರಾದರೂ ಈ ವೇರಿಯಬಲ್ ಮೂಲಕ ತಮ್ಮದೇ ಲೈಬ್ರರಿ ತುರುಕಿಬಿಟ್ಟರೆ ಇಡೀ ಮೆಶಿನ್ ಅವರದ್ದಾಗುತ್ತದೆ. ಅದಕ್ಕಾಗಿಯೇ ಲಿನಕ್ಸ್‌ನಲ್ಲಿ ಸೆಟ್‌ಯುಐಡಿ ಪ್ರೋಗ್ರಾಂ ಹುಟ್ಟುವಾಗ ಎಲ್‌ಡಿ_ಲೈಬ್ರರಿ_ಪಾತ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಕಟ್ಟಿನಿಂದ ಕಿತ್ತೂ ಹಾಕುತ್ತಾರೆ. ಆದ್ದರಿಂದ ಸುಡೊ ಹುಟ್ಟಿಸಿದ ಎಲ್‌ಎಸ್‌ಗೂ ಅದು ಸಿಗಲಿಲ್ಲ, ಅದು ಬದುಕಿತು. ಸುಡೊ ಹಾಕಿದರೆ ಸರಿ, ಹಾಕದಿದ್ದರೆ ಕ್ರ್ಯಾಶ್ ಅನ್ನುವುದು ಪರ್ಮಿಷನ್‌ನ ಗುರುತಲ್ಲ. ಪರ್ಮಿಷನ್ ಇಲ್ಲದಿದ್ದರೆ ‘ಪರ್ಮಿಷನ್ ಡಿನೈಡ್’ ಅಂತ ಸಭ್ಯವಾಗಿ ಹೇಳುತ್ತದೆ, ಸೆಗ್ಮೆಂಟೇಶನ್ ಫಾಲ್ಟ್ ಬರುವುದಿಲ್ಲ.

ಅಂಥ ಟರ್ಮಿನಲ್‌ನಲ್ಲಿ ಸಿಕ್ಕಿಕೊಂಡರೆ ಗಾಬರಿ ಬೇಡ. ಅನ್‌ಸೆಟ್ ಕೂಡ ಬ್ಯಾಶ್‌ನ ಒಳಗಿನದೇ, ವೇರಿಯಬಲ್ ಅನ್ನು ಅನ್‌ಸೆಟ್ ಮಾಡಿದರೆ ಎಲ್ಲ ಮೊದಲಿನಂತೆ. ಫೋಲ್ಡರಿನಲ್ಲಿ ಏನಿದೆ ಅಂತ ನೋಡಲು ಎಕೊ ಮುಂದೆ ಒಂದು ನಕ್ಷತ್ರ ಹಾಕಿದರೆ ಸಾಕು, ಎಲ್‌ಎಸ್ ಬೇಕಾಗುವುದಿಲ್ಲ. ಎಲ್‌ಎಸ್‌ನಂಥ ಹಲವು ಕಮಾಂಡ್‌ಗಳನ್ನು ಒಂದೇ ಪ್ರೋಗ್ರಾಂನಲ್ಲಿ ಇಟ್ಟಿರುವ ಬ್ಯುಸಿಬಾಕ್ಸ್‌ನ ಸ್ಟ್ಯಾಟಿಕ್ ಪ್ಯಾಕೇಜ್ ಇದ್ದರೆ ಅದೂ ನಡೆಯುತ್ತದೆ, ಅದಕ್ಕೆ ಹೊರಗಿನ ಲೈಬ್ರರಿಯೇ ಬೇಡ.

ಈಗ ಒಳಗೆ ಏನಾಗುತ್ತಿತ್ತು ಅಂತ ಹೇಳುತ್ತೇನೆ. ಲಿನಕ್ಸ್‌ನಲ್ಲಿ ಸೆಡ್‌ನಂಥ ಪ್ರೋಗ್ರಾಂ ಪೂರ್ತಿ ತನ್ನೊಳಗೇ ಇರುವುದಿಲ್ಲ. ಫೈಲ್ ತೆರೆಯುವುದು, ಮೆಮೊರಿ ಕೇಳುವುದು, ಬರೆಯುವುದು ಇಂಥ ಮೂಲ ಕೆಲಸಗಳೆಲ್ಲ ಲಿಬ್‌ಸಿ ಎಂಬ ಲೈಬ್ರರಿಯಲ್ಲಿವೆ. ಉಬುಂಟುವಿನಲ್ಲಿ ಅದು ಗ್ನೂ ಪ್ರಾಜೆಕ್ಟಿನ ಜಿಲಿಬ್‌ಸಿ. ಪ್ರೋಗ್ರಾಂ ಶುರುವಾಗುವಾಗ ಮೊದಲು ಎದ್ದೇಳುವುದು ಲೋಡರ್. ಬೇಕಾದ ಲೈಬ್ರರಿಗಳನ್ನು ಹುಡುಕಿ ಮೆಮೊರಿಗೆ ತಂದು ಜೋಡಿಸುವುದು ಅದರ ಕೆಲಸ. ಆ ಲೋಡರ್ ಎಲ್ಲಿದೆ ಎಂಬುದು ಪ್ರೋಗ್ರಾಂ ಫೈಲಿನೊಳಗೇ ಪೂರ್ತಿ ವಿಳಾಸದ ಸಮೇತ ಬರೆದಿರುತ್ತದೆ. ಯಾವ ವೇರಿಯಬಲ್ ಹಾಕಿದರೂ ಅದು ಬದಲಾಗುವುದಿಲ್ಲ. ಆದರೆ ಲಿಬ್‌ಸಿಯನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಎಲ್‌ಡಿ_ಲೈಬ್ರರಿ_ಪಾತ್ ಬದಲಾಯಿಸಬಲ್ಲದು. ಲೋಡರ್ ಮತ್ತು ಲಿಬ್‌ಸಿ ಒಂದೇ ಸೋರ್ಸ್‌ನಿಂದ ಒಟ್ಟಿಗೆ ಹುಟ್ಟಿದ ಜೋಡಿ, ಬೀಗ ಮತ್ತು ಅದರ ಕೀಲಿಯ ಹಾಗೆ. ಅವೆರಡರ ನಡುವೆ ಒಳಗಿನ ಒಪ್ಪಂದಗಳಿವೆ, ಒಂದರ ಡೇಟಾ ಯಾವ ಜಾಗದಲ್ಲಿದೆ ಅಂತ ಇನ್ನೊಂದು ನೇರವಾಗಿ ಅಂದುಕೊಂಡಿರುತ್ತದೆ. ಒಂದು ಆವೃತ್ತಿಯ ಲೋಡರ್, ಇನ್ನೊಂದು ಆವೃತ್ತಿಯ ಲಿಬ್‌ಸಿ ಸೇರಿದರೆ ಆ ಲೆಕ್ಕ ತಪ್ಪುತ್ತದೆ. ಕೆಲವು ಸಲ ‘ಇಂಥ ಸಿಂಬಲ್ ಸಿಗಲಿಲ್ಲ’ ಅಂತ ಓದಬಲ್ಲ ಸಂದೇಶ ಬರುತ್ತದೆ. ಕೆಲವು ಸಲ ನೇರವಾಗಿ ಸೆಗ್ಮೆಂಟೇಶನ್ ಫಾಲ್ಟ್. ನಮಗೆ ಬಂದದ್ದು ಎರಡನೆಯದು.

ಸಾಕ್ಷಿ ಎರಡು ಕಡೆ ಸಿಕ್ಕಿತು. ಒಂದು ಕರ್ನಲ್ ಲಾಗ್, ಅಂದರೆ ಲಿನಕ್ಸ್‌ನ ಒಳತಿರುಳು ಬರೆದಿಡುವ ದಾಖಲೆ. ಯಾವ ಪ್ರೋಗ್ರಾಂ ಹೀಗೆ ಸತ್ತರೂ ಕರ್ನಲ್ ಒಂದು ಸಾಲು ಬರೆಯುತ್ತದೆ, ಅದರ ಕೊನೆಯಲ್ಲಿ ಯಾವ ಫೈಲಿನ ಒಳಗೆ ಸತ್ತಿತು ಎಂದು ಇರುತ್ತದೆ. ಈ ಸಾಲನ್ನು ಜನ ಓದುವುದೇ ಇಲ್ಲ, ಅದರಲ್ಲಿರುವ ಹೆಕ್ಸ್ ನಂಬರ್‌ಗಳನ್ನು ನೋಡಿ ಮುಂದೆ ಹೋಗುತ್ತಾರೆ. ನಮ್ಮ ಸಾಲಿನ ಕೊನೆಯಲ್ಲಿ ಇದ್ದದ್ದು ‘ಲಿಬ್‌ಸಿ-2.31’ ಎಂಬ ಹೆಸರು. ಉಬುಂಟು 22.04ರಲ್ಲಿ ಇರುವ ಜಿಲಿಬ್‌ಸಿ 2.35. ಇದು 20.04ರದ್ದು! ಅಷ್ಟೇ ಅಲ್ಲ, 2.34ರಿಂದ ಆ ಫೈಲಿನ ಹೆಸರಿನಲ್ಲಿ ಆವೃತ್ತಿ ನಂಬರ್ ಹಾಕುವ ಪದ್ಧತಿಯನ್ನೇ ಬಿಟ್ಟಿದ್ದಾರೆ. ಅಪ್‌ಗ್ರೇಡ್ ಆದ ಮೆಶಿನ್‌ನಲ್ಲಿ ಆ ಹೆಸರಿನ ಫೈಲ್ ಇರಲೇಬಾರದು.

ಇನ್ನೊಂದು, ಲೋಡರ್‌ನ ಬಾಯಿಂದಲೇ ಕೇಳುವುದು. ಎಲ್‌ಡಿ_ಡಿಬಗ್ ಎಂಬ ವೇರಿಯಬಲ್‌ಗೆ ‘ಲಿಬ್ಸ್’ ಅಂತ ಬೆಲೆ ಕೊಟ್ಟು ಯಾವುದೇ ಪ್ರೋಗ್ರಾಂ ಓಡಿಸಿದರೆ ತಾನು ಯಾವ ಲೈಬ್ರರಿಯನ್ನು ಎಲ್ಲೆಲ್ಲಿ ಹುಡುಕಿದೆ, ಎಲ್ಲಿ ಸಿಕ್ಕಿತು ಅಂತ ಲೋಡರ್ ಸಾಲು ಸಾಲಾಗಿ ಬರೆಯುತ್ತದೆ. ಕ್ರ್ಯಾಶ್ ಆಗುವುದಕ್ಕೆ ಮುಂಚೆಯೇ ಬರೆಯುವುದರಿಂದ ಇಂಥ ಸಂದರ್ಭದಲ್ಲಿ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಲಿಬ್‌ಸಿ ಬೇಕು, ಆಪ್ಟ್ ಫೋಲ್ಡರಿನ ಡಬ್ಬಿಯೊಳಗೆ ನೋಡಿದೆ, ಸಿಕ್ಕಿತು. ಅಲ್ಲಿಗೆ ಲಾಗ್ ನಿಂತಿತು, ಫಾಲ್ಟ್ ಬಂತು.

ಪುಣೆಯ ಹುಡುಗನಿಗೆ ಫೋನ್ ಮಾಡಿದೆ. ಹಿಂಜವಡಿಯಲ್ಲಿ ಕೆಲಸ, ರಾತ್ರಿ ತಡವಾಗಿ ಸಿಕ್ಕ. “ಹೌದು ಅಣ್ಣಾ, ಎಲ್‌ಡಿಡಿ ತೋರಿಸಿದ ಎಲ್ಲ ಲೈಬ್ರರಿ ಕಾಪಿ ಮಾಡಿ ಒಳಗೆ ಹಾಕಿದ್ದೆ. ಸಂಘದ ಮೆಶಿನ್ ಯಾವಾಗ ಬದಲಾಗ್ತದೋ ಗೊತ್ತಿರಲಿಲ್ಲ, ಎಲ್ಲಿ ಇಟ್ಟರೂ ಓಡ್ಬೇಕು ಅಂತ.” ಎಲ್‌ಡಿಡಿ ಅಂದರೆ ಒಂದು ಪ್ರೋಗ್ರಾಂಗೆ ಯಾವ ಲೈಬ್ರರಿಗಳು ಬೇಕು ಅಂತ ತೋರಿಸುವ ಕಮಾಂಡ್. ಅವನ ಲ್ಯಾಪ್‌ಟಾಪ್ 20.04, ಸಂಘದ ಮೆಶಿನ್ ಕೂಡ 20.04. ಎರಡರಲ್ಲೂ ಲಿಬ್‌ಸಿ 2.31. ಹಾಗಾಗಿ ಡಬ್ಬಿಯೊಳಗಿನ ಲಿಬ್‌ಸಿ ಬಂದು ಕೂತರೂ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಮೆಶಿನ್‌ನ ಲೋಡರ್ 2.35ಕ್ಕೆ ಹೋದ ದಿನ ಜೋಡಿ ತಪ್ಪಿತು. ಅವನನ್ನು ನಾನು ದೂರುವುದಿಲ್ಲ. ಸಂಬಳವಿಲ್ಲದೆ, ರಜೆಯಲ್ಲಿ ಕೂತು, ಯಾರೂ ನೋಡಿಕೊಳ್ಳಲು ಇಲ್ಲದ ಮೆಶಿನ್‌ಗಾಗಿ ಮಾಡಿದ ಕೆಲಸ ಅದು, ಅದರಿಂದಲೇ ನಮ್ಮ ಪಟ್ಟಿ ಇಷ್ಟು ವರ್ಷ ನಡೆಯಿತು. ಆದರೆ ನೀವು ಇಂಥ ಡಬ್ಬಿ ಕಟ್ಟುವಾಗ ಒಂದು ಗಮನಿಸಿ: ಎಲ್‌ಡಿಡಿ ತೋರಿಸುವುದನ್ನೆಲ್ಲ ಕಾಪಿ ಮಾಡಬೇಡಿ. ಲಿಬ್‌ಸಿ, ಲಿಬ್‌ಎಂ, ಲಿಬ್‌ಪಿಥ್ರೆಡ್, ಲಿಬ್‌ಡಿಎಲ್, ಲಿಬ್‌ಆರ್‌ಟಿ, ಇವು ಜಿಲಿಬ್‌ಸಿಯ ಕುಟುಂಬ, ಇವನ್ನು ಮೆಶಿನ್‌ಗೇ ಬಿಡಿ.

ಆದಿತ್ಯವಾರಕ್ಕೆ ಪೇಜ್ ಬರಬೇಕಿತ್ತು. ಡಬ್ಬಿಯೊಳಗಿನ ಜಿಲಿಬ್‌ಸಿ ಕುಟುಂಬದ ಫೈಲುಗಳನ್ನು ಮಾತ್ರ ಪಕ್ಕದ ಇನ್ನೊಂದು ಫೋಲ್ಡರಿಗೆ ಸರಿಸಿದೆ, ಉಳಿದದ್ದನ್ನು ಮುಟ್ಟಲಿಲ್ಲ. ಜಿಲಿಬ್‌ಸಿಯವರು ಹಿಂದಿನದಕ್ಕೆ ಹೊಂದಿಕೊಳ್ಳುವ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು, 2.31ರಲ್ಲಿ ಕಂಪೈಲ್ ಆದ ಪ್ರೋಗ್ರಾಂ 2.35ರ ಜೊತೆ ಓಡುತ್ತದೆ. ಅದರ ತಿರುಗುಮುರುಗು ಮಾತ್ರ ಆಗುವುದಿಲ್ಲ. ಅಪಾಚೆ ಸ್ಟಾರ್ಟ್ ಅಂದೆ. ಸೆಡ್ ತನ್ನ ಕೆಲಸ ಮಾಡಿತು, ಅಪಾಚೆ ಎದ್ದಿತು, ಪಟ್ಟಿ ಬಂತು. ಶೆಟ್ಟರು ತಕ್ಷಣ ಒಂದು ಪುಸ್ತಕದ ಹೆಸರು ಹಾಕಿ ಹುಡುಕಿ, ಕಪಾಟಿಗೆ ಹೋಗಿ ಅದು ಅಲ್ಲೇ ಇದೆಯಾ ಅಂತ ನೋಡಿ ಬಂದರು.

ಅಷ್ಟಕ್ಕೇ ಬಿಡಲು ನನಗೆ ಮನಸ್ಸಾಗಲಿಲ್ಲ. ಡಬ್ಬಿಯಲ್ಲಿ ಇನ್ನೂ ಉಳಿದಿದ್ದದ್ದು ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ಲೈಬ್ರರಿ, ಓಪನ್‌ಎಸ್‌ಎಸ್‌ಎಲ್ 1.1.1. ಅದರ ಸಾರ್ವಜನಿಕ ಸಪೋರ್ಟ್ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ. ಉಬುಂಟು 22.04ರಲ್ಲಿ ಇರುವುದು 3.0. ಮೆಶಿನ್ ಅಪ್‌ಡೇಟ್ ಮಾಡಿದ್ದೇ ಸೆಕ್ಯುರಿಟಿಗಾಗಿ, ಆದರೆ ಹೊರಗಿನವರ ಜೊತೆ ಮಾತಾಡುವ ಭಾಗವೇ ಹಳೆಯದಾಗಿ ಉಳಿದರೆ ಅಪ್‌ಡೇಟ್‌ನಿಂದ ಏನು ಬಂತು? ಡಬ್ಬಿಯನ್ನೇ ಇಟ್ಟುಕೊಳ್ಳಬೇಕಾದವರಿಗೆ ಒಂದು ದಾರಿ ಇದೆ. ಪ್ಯಾಚ್‌ಎಲ್ಫ್ ಎಂಬ ಸಾಧನದಿಂದ ಅಪಾಚೆಯ ಫೈಲಿನೊಳಗೇ ಅದರ ಲೈಬ್ರರಿ ಫೋಲ್ಡರಿನ ದಾರಿ ಬರೆದುಬಿಡಬಹುದು. ಆಗ ಅಪಾಚೆಗೆ ಬೇಕಾದದ್ದು ಅಪಾಚೆಗೆ ಮಾತ್ರ ಸಿಗುತ್ತದೆ, ಅದರ ಸುತ್ತ ಹುಟ್ಟುವ ಸೆಡ್, ಗ್ರೆಪ್‌ಗಳಿಗೆ ತಾಗುವುದಿಲ್ಲ. ಎಲ್‌ಡಿ_ಲೈಬ್ರರಿ_ಪಾತ್ ಅನ್ನು ಎಕ್ಸ್‌ಪೋರ್ಟ್ ಮಾಡುವುದು ಪರೀಕ್ಷೆಗೆ ಸರಿ, ಕಾಯಂ ವ್ಯವಸ್ಥೆಗೆ ಅಲ್ಲ, ಇದು ನನ್ನ ಗಟ್ಟಿಯಾದ ಅಭಿಪ್ರಾಯ. ಟರ್ಮಿನಲ್ ತೆರೆದಾಗಲೆಲ್ಲ ಬ್ಯಾಶ್ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಂತೂ ಹಾಕಲೇಬೇಡಿ. ಅಲ್ಲಿ ಹಾಕಿದರೆ ತೆರೆದ ಪ್ರತಿ ಟರ್ಮಿನಲ್ಲೂ ನಾನು ಮೇಲೆ ಹೇಳಿದ ಟರ್ಮಿನಲ್ ಆಗಿಬಿಡಬಹುದು.

ನಮಗೆ ಡಬ್ಬಿಯ ಅಗತ್ಯವೇ ಇರಲಿಲ್ಲ. ಉಬುಂಟುವಿನದೇ ಅಪಾಚೆ ಹಾಕಿ ಕಾನ್ಫಿಗ್ ಅಲ್ಲಿಗೆ ಸಾಗಿಸಿದೆ. ಹಳೆಯ ಅಪಾಚೆ ನಿಲ್ಲಿಸುವ ಮೊದಲೇ ಹೊಸದು ಏಳಲು ನೋಡಿ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂದಿತು, 80ನೇ ಪೋರ್ಟ್‌ನಲ್ಲಿ ಇಬ್ಬರು ಕೂರಲು ಆಗುವುದಿಲ್ಲ, ಹಳೆಯದನ್ನು ಡಿಸೇಬಲ್ ಮಾಡಿದೆ. ಪಿಎಚ್‌ಪಿ 7.4ರಿಂದ 8.1ಕ್ಕೆ ಹೋಯಿತು. ‘ಈಚ್’ ಎಂಬ ಫಂಕ್ಷನ್ ಅನ್ನು 8.0ರಲ್ಲೇ ತೆಗೆದಿದ್ದಾರೆ, ನಮ್ಮ ಹಳೆಯ ಕೋಡಿನಲ್ಲಿ ಅದು ಅಲ್ಲಲ್ಲಿ ಇತ್ತು, ಫೋರೀಚ್ ಹಾಕಿ ಬದಲಿಸಿದೆ. ಇದೆಲ್ಲ ಸಾಧಾರಣ ಕೆಲಸ.

ಇದಾದ ಮೇಲೆ ಇನ್ನೊಂದು ಬಂತು. ಪುಸ್ತಕದ ಬೆನ್ನಿಗೆ ಅಂಟಿಸುವ ಲೇಬಲ್ ಪ್ರಿಂಟ್ ಮಾಡಲು ಒಂದು ಶೆಲ್ ಸ್ಕ್ರಿಪ್ಟ್ ಇದೆ, ವೆಬ್ ಪೇಜಿನ ಬಟನ್ ಒತ್ತಿದರೆ ಓಡುತ್ತದೆ. ಹೆಸರು ಉದ್ದವಾದರೆ ಮೊದಲ 30 ಅಕ್ಷರ ಮಾತ್ರ ಉಳಿಸಿ ಕತ್ತರಿಸುತ್ತದೆ. ಕತ್ತರಿಸುವುದು ಮತ್ತೆ ಸೆಡ್ಡೇ! ಹೊಸ ಅಪಾಚೆಯಲ್ಲಿ ಹೆಸರುಗಳು ತೀರಾ ಮೊಟಕಾಗಿ ಬಂದವು, ಎಷ್ಟೋ ಹೆಸರಿನ ಕೊನೆಯಲ್ಲಿ ಪ್ರಶ್ನೆ ಚಿಹ್ನೆಯ ಡಬ್ಬಿ. “ಇದೆಂತ, ಪುಸ್ತಕದ ಹೆಸರು ಅರ್ಧಕ್ಕೇ ನಿಂತಿದೆಯಲ್ಲ?” ಅಂತ ಶೆಟ್ಟರು ಲೇಬಲ್ ಹಿಡಿದು ಬಂದರು. ಟರ್ಮಿನಲ್‌ನಲ್ಲಿ ಓಡಿಸಿದರೆ ಸರಿ. ಸರ್ವರ್‌ನಿಂದ ಓಡಿಸಿದರೆ ತಪ್ಪು. ಈ ಲಕ್ಷಣ ನೋಡಿದ ತಕ್ಷಣ ಈ ಸಲ ನೇರವಾಗಿ ಪರಿಸರ ನೋಡಲು ಹೋದೆ. ಓಡುತ್ತಿರುವ ಯಾವ ಪ್ರೋಗ್ರಾಂನ ಕಟ್ಟನ್ನೂ ಪ್ರಾಕ್ ಫೋಲ್ಡರಿನಲ್ಲಿ, ಅದರ ನಂಬರಿನ ಒಳಗೆ, ಎನ್ವಿರಾನ್ ಎಂಬ ಫೈಲಿನಲ್ಲಿ ಓದಬಹುದು. ಅಪಾಚೆಯದ್ದು ತೆಗೆದು ನೋಡಿದರೆ ಲ್ಯಾಂಗ್ ಎಂಬ ವೇರಿಯಬಲ್‌ನ ಬೆಲೆ ‘ಸಿ’.

ಉಬುಂಟು ಮತ್ತು ಡೆಬಿಯನ್‌ನ ಅಪಾಚೆಗೂ ಒಂದು ಎನ್ವ್‌ವಾರ್ಸ್ ಫೈಲ್ ಇದೆ. ಅದರಲ್ಲಿ ಲೈಬ್ರರಿ ದಾರಿಯ ತಂಟೆ ಇಲ್ಲ, ಆದರೆ ಲ್ಯಾಂಗ್‌ಗೆ ‘ಸಿ’ ಅಂತ ಬರೆದಿಟ್ಟಿರುತ್ತಾರೆ. ಆ ಲೊಕೇಲ್‌ನಲ್ಲಿ, ಅಂದರೆ ಭಾಷೆಯ ಸೆಟ್ಟಿಂಗ್‌ನಲ್ಲಿ, ಸೆಡ್‌ಗೆ ಒಂದು ಅಕ್ಷರ ಅಂದರೆ ಒಂದು ಬೈಟ್. ಇಂಗ್ಲಿಷ್‌ನವರಿಗೆ ಏನೂ ಗೊತ್ತಾಗುವುದಿಲ್ಲ. ಕನ್ನಡದ ಯುನಿಕೋಡ್ ಸಂಕೇತ ಒಂದೊಂದಕ್ಕೂ, ಅದನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. 30 ಬೈಟ್‌ಗೆ ಕತ್ತರಿಸಿದರೆ ಹೆಚ್ಚೆಂದರೆ ಹತ್ತು ಹನ್ನೊಂದು ಸಂಕೇತ ಉಳಿಯುತ್ತವೆ, ನಡುವೆ 1 ಬೈಟ್‌ನ ಸ್ಪೇಸ್ ಬಂದರೆ ಲೆಕ್ಕ ಜರುಗಿ ಕತ್ತರಿ ಒಂದು ಸಂಕೇತದ ಹೊಟ್ಟೆಗೇ ಬೀಳುತ್ತದೆ. ಹಾಗೆ ಬಂದದ್ದು ಆ ಪ್ರಶ್ನೆ ಚಿಹ್ನೆ. ಪರಿಹಾರ ಅದೇ ಫೈಲಿನಲ್ಲಿ ಕಮೆಂಟ್ ಆಗಿ ಕೂತಿದೆ, ಸಿಸ್ಟಮ್‌ನ ಲೊಕೇಲ್ ಬಳಸಬೇಕಾದರೆ ಈ ಸಾಲಿನ ಮುಂದಿನ ಗುರುತು ತೆಗೆಯಿರಿ ಅಂತ. ಅದನ್ನು ತೆಗೆದು, ಸಿಸ್ಟಮ್ ಲೊಕೇಲ್ ಯುಟಿಎಫ್-8 ಇದೆಯೇ ಎಂದು ನೋಡಿ, ಅಪಾಚೆಯನ್ನು ಪೂರ್ತಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಬರೀ ರೀಲೋಡ್ ಮಾಡಬೇಡಿ, ಓಡುತ್ತಿರುವ ಅಪಾಚೆ ಹುಟ್ಟುವಾಗ ಪಡೆದ ಹಳೆಯ ಕಟ್ಟಿನಲ್ಲೇ ಇರುತ್ತದೆ.

ಸ್ಕ್ರಿಪ್ಟ್‌ನಲ್ಲಿ ಇನ್ನೊಂದು ಕೆಲಸ ಬಾಕಿ ಇದೆ. ಯುಟಿಎಫ್-8 ಲೊಕೇಲ್‌ನಲ್ಲೂ ಸೆಡ್ ಎಣಿಸುವುದು ಯುನಿಕೋಡ್ ಸಂಕೇತವನ್ನು, ನಾವು ಓದುವ ಅಕ್ಷರವನ್ನಲ್ಲ. ‘ಸ್ತ’ ಅಂದರೆ ಅದಕ್ಕೆ ಮೂರು ಸಂಕೇತ: ಸ, ಹಲಂತ, ತ. ಕತ್ತರಿ ಅಲ್ಲಿ ಬಿದ್ದರೆ ‘ಪುಸ್ತಕ’ ಎಂಬುದು ‘ಪುಸ್’ ಆಗಿ ನಿಲ್ಲುತ್ತದೆ. ಆದ್ದರಿಂದ 30 ದಾಟಿದರೆ ಹಿಂದಿನ ಸ್ಪೇಸ್ ಹುಡುಕಿ ಪೂರ್ತಿ ಪದಕ್ಕೇ ಕತ್ತರಿಸುವ ಹಾಗೆ ಬರೆಯುತ್ತಿದ್ದೇನೆ. ಅದು ಮುಗಿದ ಮೇಲೆ ಕೆಟ್ಟು ಬಂದ ಲೇಬಲ್‌ಗಳನ್ನೆಲ್ಲ ಮತ್ತೆ ಪ್ರಿಂಟ್ ಮಾಡಿ ಅಂಟಿಸುವುದು ಅಂತ ಶೆಟ್ಟರು ಹೇಳಿದ್ದಾರೆ, ಗೋಂದಿನ ಡಬ್ಬ ಆಗಲೇ ತಂದಿಟ್ಟಿದ್ದಾರೆ.